ರಾಗಿ ಹರಿದ ಹಾಗೆ

ಒಂದು ಊರಿತ್ತು. ಹೆಸರು ಕೇಳಬೇಡಿ, ಹೆಸರಿಟ್ಟು ಕರೆಯುವಷ್ಟು ಯೋಗ್ಯತೆ ಅದಕ್ಕಿರಲಿಲ್ಲ. ಆ ಊರಿನಲ್ಲಿ ಯಾರೂ ಬೀದಿಯಲ್ಲಿ ಹಿಂದಕ್ಕೆ ತಿರುಗುವಂತಿರಲಿಲ್ಲ. ಮುಂಬಾಗಿಲಿನಿಂದ ಹೊರಟವರು ಮುಂದಕ್ಕೇ ನಡೆಯಬೇಕು, ಊರನ್ನು ಒಂದು ಸುತ್ತು ಹಾಕಿ ಹಿತ್ತಿಲ ಬಾಗಿಲಿನಿಂದ ಮನೆ ಸೇರಬೇಕು. ಸಂತೆಗೆ ಹೊರಟವನು ಚೀಲ ಮರೆತರೆ ಅವನಿಗೆ ಚೀಲ ಸಿಗುವುದು ಒಂದು ಸುತ್ತು ಮುಗಿದ ಮೇಲೆ. ಹಿಂದಿನಿಂದ ಯಾರಾದರೂ ಬೈದರೆ, ಬೈಸಿಕೊಂಡವನು ಊರೆಲ್ಲ ಸುತ್ತಿ ಬೈದವನ ಬೆನ್ನ ಹಿಂದೆ ಬಂದು ನಿಂತು ತಿರುಗಿ ಬೈಯಬೇಕಾಗಿತ್ತು. ಅಷ್ಟರಲ್ಲಿ ಬೈಗುಳ ಹಳಸಿಹೋಗಿರುತ್ತಿತ್ತು. ಹೀಗಾಗಿ ಬೀದಿಯಲ್ಲಿ ಒಬ್ಬರ ಮುಖ ಒಬ್ಬರು ಕಂಡದ್ದೇ ಇಲ್ಲ. ಬೆನ್ನು, ಬೆನ್ನು, ಬೆನ್ನು. ಬೆನ್ನು ನೋಡಿ ಗುರುತು ಹಿಡಿಯುತ್ತಿದ್ದರು, ಬೆನ್ನು ನೋಡಿ ಹೆಣ್ಣು ಕೇಳುತ್ತಿದ್ದರು, ಬೆನ್ನಿಗೇ ಕೈಮುಗಿಯುತ್ತಿದ್ದರು. ಇದನ್ನು ಶಿಸ್ತು ಎಂದು ಕರೆದು ಮೀಸೆ ತಿರುವುತ್ತಿದ್ದರು.

ಈ ನೇಮ ಬಂದದ್ದು ರಾಗಿಯಿಂದ.

ಹಿಂದೊಮ್ಮೆ ಊರಿಗೆ ಬೆಂಕಿ ಬಿದ್ದಿತ್ತು. ಇದ್ದದ್ದು ಒಂದೇ ಕೋಟೆಬಾಗಿಲು. ಊರಿಗೆ ಊರೇ ಅಲ್ಲಿಗೆ ನುಗ್ಗಿತು. ಬೆಂಕಿಯಲ್ಲಿ ಸತ್ತವರಿಗಿಂತ ಬಾಗಿಲಲ್ಲಿ ಕಾಲ್ತುಳಿತಕ್ಕೆ ಸತ್ತವರೇ ಹೆಚ್ಚು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಅನ್ನುತ್ತಾರಲ್ಲ, ಹಾಗೆ ಎಲ್ಲ ತಣ್ಣಗಾದ ಮೇಲೆ ಬುರುಜಿನಿಂದ ಮೂವರು ಇಳಿದು ಬಂದರು. "ನಾವು ಮೇಲಿನಿಂದ ಎಲ್ಲವನ್ನೂ ನೋಡಿದ್ದೇವೆ. ಮನುಷ್ಯರ ನಡತೆ ಎಂಥದ್ದೆಂದು ನಮಗೆ ತಿಳಿಯಿತು," ಅಂದರು. ಅಷ್ಟು ಹೊತ್ತು ಮೇಲೆ ನಿಂತು ನೋಡುತ್ತಿದ್ದಿರಲ್ಲ, ಇಳಿದು ಬಂದು ಒಂದು ಕೂಸನ್ನಾದರೂ ಎತ್ತಿಕೊಳ್ಳಬಾರದಿತ್ತೇ ಎಂದು ಯಾರೂ ಕೇಳಲಿಲ್ಲ. ಕೇಳುವ ಬದಲು ಶಾಲು ಹೊದಿಸಿ, ನಡತೆಯ ಪಂಡಿತರು ಎಂದು ಕರೆದು, ಕೋಟೆಬಾಗಿಲ ಮೇಲೆ ಅವರಿಗೊಂದು ಮಂಟಪ ಕಟ್ಟಿಸಿಕೊಟ್ಟರು.

ಮಂಟಪದ ಇಳಿಜಾರು ನೆಲದಲ್ಲಿ ಪಂಡಿತರು ಊರಿನ ಬೀದಿಗಳನ್ನೆಲ್ಲ ಬೆರಳಗಲದ ಕಾಲುವೆಗಳಾಗಿ ಕೊರೆಸಿದರು. ಕಾಲುವೆಗಳೆಲ್ಲ ಕೊನೆಗೆ ಸೇರುವ ಕಡೆ, ಕೋಟೆಬಾಗಿಲಿನ ಬದಲಿಗೆ, ಎಣ್ಣೆ ಹೊಯ್ಯುವಂಥ ತಾಮ್ರದ ಲಾಳಿಕೆ ಇಟ್ಟರು. ಮೇಲಿನಿಂದ ರಾಗಿ ಸುರಿಸಿದರು. ಒಂದು ಕಾಳೆಂದರೆ ಒಬ್ಬ ಮನುಷ್ಯ. ರಾಗಿ ಬೀದಿಗಳಲ್ಲಿ ಹರಿಯಿತು, ಲಾಳಿಕೆಗೆ ಬಂತು, ಕೆಳಗಿಳಿಯಿತು. ಒಂದು ವರ್ಷ ಸುರಿಸಿದರು, ಹತ್ತು ವರ್ಷ ಸುರಿಸಿದರು. ಒಂದು ಕಾಳೂ ಹಿಂದಕ್ಕೆ ತಿರುಗಲಿಲ್ಲ. ಅದಕ್ಕೇ ಮನುಷ್ಯರೂ ತಿರುಗಬಾರದು ಎಂದು ಡಂಗುರ ಹೊಡೆಸಿದರು. ಊರು ತಲೆದೂಗಿತು. ತಲೆದೂಗುವುದರಲ್ಲಿ ಆ ಊರನ್ನು ಮೀರಿಸುವ ಊರು ಸುತ್ತಮುತ್ತ ಇರಲಿಲ್ಲ.

ರಾಗಿ ಸುರಿಯುವ ಕೆಲಸಕ್ಕೆ ಒಬ್ಬಳನ್ನು ಇಟ್ಟುಕೊಂಡಿದ್ದರು. ಸುರಿಯುವವಳು ಎಂದೇ ಅವಳನ್ನು ಕರೆಯುತ್ತಿದ್ದರು. ದಿನಾ ಬೆಳಗ್ಗೆ ಅವಳು ರಾಗಿಯನ್ನು ಮೊರದಲ್ಲಿ ಕೇರಬೇಕು, ಜರಡಿ ಹಿಡಿಯಬೇಕು, ಜೊಳ್ಳು ತೂರಬೇಕು, ಕಲ್ಲು ಆರಿಸಬೇಕು. ಕಾಳೆಲ್ಲ ಒಂದೇ ಗಾತ್ರ, ಒಂದೇ ಬಣ್ಣ ಇರಬೇಕು. ಆಮೇಲೆ ಲಾಳಿಕೆಯ ಒಳಗೆಲ್ಲ ಹರಳೆಣ್ಣೆ ಸವರಬೇಕು, ಯಾಕೆಂದರೆ ಎಣ್ಣೆ ಸವರದಿದ್ದರೆ ರಾಗಿ ಸಿಕ್ಕಿಕೊಳ್ಳುತ್ತಿತ್ತು. ಸವರಿದ ಮೇಲೂ ಅಲ್ಲೊಂದು ಇಲ್ಲೊಂದು ಕಾಳು ಅಂಚಿಗೆ ಅಂಟಿ ಕೂರುತ್ತಿತ್ತು. ಅದನ್ನು ತೆಂಗಿನ ಕಡ್ಡಿಯಲ್ಲಿ ಚಿಮ್ಮಿ ಆಚೆ ಹಾಕಬೇಕು. "ಅದು ಅಪವಾದ. ಲೆಕ್ಕಕ್ಕಿಲ್ಲ," ಎನ್ನುತ್ತಿದ್ದ ಹಿರಿಯ ಪಂಡಿತ. ಸಂಜೆ ಹೊತ್ತಿಗೆ ಒಂದು ಹಿಡಿ ಅಪವಾದ ಸೇರಿರುತ್ತಿತ್ತು. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋಗಿ, ಬೀಸಿ, ಅಂಬಲಿ ಕಾಯಿಸಿ, ಅಕ್ಕನಿಗೆ ಕೊಟ್ಟು ತಾನೂ ಕುಡಿಯುತ್ತಿದ್ದಳು.

ಅಕ್ಕ ಕುಂಟಿ. ಹುಟ್ಟಿನಿಂದ ಅಲ್ಲ. ಬೆಂಕಿ ಬಿದ್ದ ದಿನ ಅಕ್ಕ ಕೋಟೆಬಾಗಿಲು ದಾಟಿ ಆಗಿತ್ತು. ಜೊತೆಗೆ ತಂಗಿ ಇಲ್ಲವೆಂದು ತಿಳಿದು ವಾಪಸು ನುಗ್ಗಿದಳು. ಎದುರಿಗೆ ಬರುತ್ತಿದ್ದ ಊರನ್ನೆಲ್ಲ ಸೀಳಿಕೊಂಡು ಹೋಗಿ ತಂಗಿಯನ್ನು ಎತ್ತಿಕೊಂಡಳು. ಬಾಗಿಲಿನ ಹೊತ್ತಿಗೆ ಬಿದ್ದಳು, ಯಾರದೋ ಕಾಲು ಅವಳ ಮೊಣಕಾಲ ಮೇಲೆ ಬಿತ್ತು. ಆ ದಿನ ಅಷ್ಟೊಂದು ಜನ ಬಾಗಿಲಲ್ಲಿ ಸಿಕ್ಕಿಕೊಂಡದ್ದಕ್ಕೆ ಕಾರಣವೇ ಅದು. ಒಬ್ಬಳು ತಂಗಿಗಾಗಿ ತಿರುಗಿದಳು, ಒಬ್ಬ ಹೆಂಡತಿಗಾಗಿ ತಿರುಗಿದ, ಇನ್ನೊಬ್ಬ ತೊಟ್ಟಿಲಿಗಾಗಿ ತಿರುಗಿದ. ಬುರುಜಿನ ಮೇಲಿದ್ದವರು ಇದನ್ನೆಲ್ಲ ಕಂಡು, "ಕಾಳಿಗೆ ಕಾಳು ಡಿಕ್ಕಿ ಹೊಡೆಯಿತು," ಎಂದು ಓಲೆಯಲ್ಲಿ ಬರೆದುಕೊಂಡರು. ತಂಗಿಗೆ ಇದು ನೆನಪಾದಾಗಲೆಲ್ಲ ಮೈ ಉರಿಯುತ್ತಿತ್ತು. ಆದರೂ ದಿನಾ ಹೋಗಿ ಅವರ ರಾಗಿ ಸುರಿಯುತ್ತಿದ್ದಳು. ಹೊಟ್ಟೆಪಾಡು.

ವರ್ಷಕ್ಕೊಮ್ಮೆ ಹರಿವಿನ ದಿನ. ಅಂದು ಊರಿನ ಅಷ್ಟೂ ಜನ ಚೌಕದಲ್ಲಿ ನಿಂತು, ಮುಂದಿನ ಬೆಂಕಿಗೆ ತಾಲೀಮು ಮಾಡಬೇಕು. ಎಲ್ಲರ ಎರಡೂ ಹೆಗಲಿಗೆ ಹರಳೆಣ್ಣೆ ಸವರುತ್ತಿದ್ದರು. ಲಾಳಿಕೆಗೆ ಸವರಿದ್ದರಿಂದ ರಾಗಿ ಸಲೀಸಾಗಿ ಇಳಿಯಿತಲ್ಲ, ಬಾಗಿಲನ್ನು ಅಗಲ ಮಾಡುವ ಖರ್ಚು ಯಾಕೆ, ಜನಕ್ಕೇ ಎಣ್ಣೆ ಹಚ್ಚಿದರಾಯಿತು ಎಂದು ಎರಡನೇ ಪಂಡಿತನಿಗೆ ಹೊಳೆದಿತ್ತು. ಕೆಳಗೆ ತಮಟೆ ಬಡಿಯುತ್ತಿದ್ದ ಹಾಗೆ ಮೇಲೆ ಮಂಟಪದಲ್ಲಿ ರಾಗಿ ಸುರಿಯಬೇಕು. ಕೊನೆಯ ಕಾಳು ಇಳಿದಾಗ ಗಂಟೆ ಹೊಡೆಯಬೇಕು. ಅಷ್ಟರಲ್ಲಿ ಊರೆಲ್ಲ ಬಾಗಿಲ ಆಚೆಗಿರಬೇಕು. ಯಾರು ಬಾಗಿಲಲ್ಲಿ ಸಿಕ್ಕಿಕೊಂಡರೋ ಅವರು ಅಪವಾದ. ಒಂದು ಸಲಕ್ಕೆ ಕ್ಷಮೆ. ಎರಡನೇ ಸಲ ಸಿಕ್ಕಿಕೊಂಡರೆ ಕಡ್ಡಿಯಲ್ಲಿ ಚಿಮ್ಮಿದ ಹಾಗೆ ಅವರನ್ನು ಗುಡ್ಡದಾಚೆಯ ಬಯಲಿಗೆ ಹಾಕಿ ಬರುತ್ತಿದ್ದರು. ಅಲ್ಲಿಗೆ ಹೋದವರ ಸುದ್ದಿಯನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಬೇಕಾದರೆ ತಿರುಗಬೇಕಲ್ಲ.

ಹೋದ ವರ್ಷ ಅಕ್ಕ ಸಿಕ್ಕಿಕೊಂಡಿದ್ದಳು.

ಈ ವರ್ಷ ಹರಿವಿನ ದಿನಕ್ಕೆ ಎರಡು ದಿನ ಇದ್ದಾಗ ಸುರಿಯುವವಳು ಹಿರಿಯ ಪಂಡಿತನ ಮುಂದೆ ಕೈಮುಗಿದು ನಿಂತಳು.

"ಬುದ್ಧೀ, ನಮ್ಮಕ್ಕಂಗೆ ಕಾಲು ಸರಿಯಿಲ್ಲ. ಗಂಟೆ ಹೊಡೆಯೋದು ಒಂದು ಗಳಿಗೆ ತಡ ಮಾಡಿದ್ರೆ ಅವಳೂ ದಾಟ್‌ಬಿಡ್ತಾಳೆ."

ಪಂಡಿತ ಕಣ್ಣೆತ್ತಲಿಲ್ಲ. "ರಾಗಿಗೆ ಕಾಲಿದೆಯೇನಮ್ಮ?"

"ಇಲ್ಲ ಬುದ್ಧಿ."

"ಕಾಲೇ ಇಲ್ಲದ್ದು ಹೊತ್ತಿಗೆ ಸರಿಯಾಗಿ ಇಳಿಯುತ್ತೆ. ಒಂದು ಕಾಲಾದರೂ ಇರುವವಳಿಗೆ ಏನು ಧಾಡಿ?"

ಮಿಕ್ಕ ಇಬ್ಬರು ಪಂಡಿತರು ಈ ಮಾತಿಗೆ ಬಹಳ ಹೊತ್ತು ನಕ್ಕರು. ಎರಡನೆಯವನು ಅದನ್ನು ಬರೆದೂ ಇಟ್ಟುಕೊಂಡ.

ಮನೆಗೆ ಬಂದು ಹೇಳಿದರೆ ಅಕ್ಕನೂ ನಕ್ಕಳು. "ಹೋಗ್ಲಿ ಬಿಡೇ. ಗುಡ್ಡದಾಚೆ ಅಂದ್ರೆ ಏನು, ಅಲ್ಲೇನು ಆಕಾಶ ಇಲ್ವಾ? ನೀನು ಮಾತ್ರ ನಿನ್ನ ಕೆಲಸ ಕಳ್ಕೋಬೇಡ." ತಂಗಿ ಅಂಬಲಿಯ ಬಟ್ಟಲನ್ನು ಕೆಳಗಿಟ್ಟಳು. ಅಕ್ಕನನ್ನು ಬಯಲಿಗೆ ಬಿಟ್ಟು ಬಂದ ಮೇಲೆ ತಾನು ಈ ಬೆನ್ನುಗಳ ಊರಿನಲ್ಲಿ ಯಾರ ಮುಖ ನೋಡಿಕೊಂಡು ಬದುಕಬೇಕು ಎಂದು ಅವಳಿಗೆ ಭಯವಾಯಿತು.

ಹರಿವಿನ ದಿನ ಬಂತು. ಊರು ಹೆಗಲಿಗೆ ಎಣ್ಣೆ ಹಚ್ಚಿಕೊಂಡು ಚೌಕದಲ್ಲಿ ಮಿರಮಿರ ಮಿಂಚುತ್ತ ನಿಂತಿತು. ಮಂಟಪದಲ್ಲಿ ಮೂವರು ಪಂಡಿತರು ಕೊರೆದ ಬೀದಿಗಳ ಸುತ್ತ ಕೂತರು. ಅವರ ಬೆನ್ನಿಗೊಂದು ಕಿಟಕಿ ಇತ್ತು, ಅದರಿಂದ ನಿಜವಾದ ಬೀದಿ, ನಿಜವಾದ ಬಾಗಿಲು, ನಿಜವಾದ ಜನ ಕಾಣುತ್ತಿದ್ದರು. ಪಂಡಿತರು ಆ ಕಡೆ ತಿರುಗುತ್ತಿರಲಿಲ್ಲ. ತಿರುಗಬಾರದೆಂಬ ನೇಮ ಮಾಡಿದವರೇ ಅವರಲ್ಲವೇ!

ತಮಟೆ ಬಡಿಯಿತು. ಅವಳು ಪಡಿ ಎತ್ತಿ ರಾಗಿ ಸುರಿದಳು. ಎಳೆ ಎಳೆಯಾಗಿ ಸುರಿದಳು, ಕೈ ನಡುಗುತ್ತಿದೆ ಎಂಬ ನೆಪದಲ್ಲಿ ನಿಲ್ಲಿಸಿ ನಿಲ್ಲಿಸಿ ಸುರಿದಳು. "ಬೇಗ, ಬೇಗ," ಎಂದ ಹಿರಿಯ ಪಂಡಿತ. ಅವಳ ಕಣ್ಣು ಮಾತ್ರ ಕಿಟಕಿಯಲ್ಲಿತ್ತು. ಎಣ್ಣೆ ಹಚ್ಚಿದ ಹೆಗಲುಗಳು ಬಾಗಿಲಿಗೆ ಬಂದವು, ಬಾಗಿಲಲ್ಲಿ ಇಳಿದವು, ಬಂದವು, ಇಳಿದವು. ಕೊನೆಗೊಮ್ಮೆ ಅಕ್ಕನೂ ಬಂದಳು. ಬಾಗಿಲ ಮುಂದಿನ ಮೂರನೇ ಚಪ್ಪಡಿಯ ಮೇಲೆ ಯಾರದೋ ಹೆಗಲಿನಿಂದ ತೊಟ್ಟಿಕ್ಕಿದ ಎಣ್ಣೆಗೆ ಕಾಲಿಟ್ಟು ಜಾರಿ ಬಿದ್ದಳು. ಹಿಂದಿನವನು ಅವಳನ್ನು ಸುತ್ತಿ ಹೋದ. ಅವನ ಹಿಂದಿನವನು ದಾಟಿಕೊಂಡು ಹೋದ. ಅವನ ಹಿಂದಿನವಳು ಕೈಯನ್ನೇ ಮೆಟ್ಟಿಕೊಂಡು ಹೋದಳು. ಕೆಟ್ಟವಳೇನಲ್ಲ ಅವಳು, ಮನೆಯಲ್ಲಿ ಇರುವೆಗೆ ಸಕ್ಕರೆ ಹಾಕುವವಳು. ರಾಗಿಯ ಹಾಗೆ ಹರಿಯುತ್ತಿದ್ದಳು, ಅಷ್ಟೇ.

ಸುರಿಯುವವಳು ಪಡಿಯನ್ನು ಅಲ್ಲೇ ಎಸೆದು ಓಡಿದಳು.

ಮಂಟಪದಿಂದ ಇಳಿಯುವ ಮೆಟ್ಟಿಲು ಇದ್ದದ್ದು ಕೋಟೆಯ ಹೊರಮಗ್ಗುಲಿಗೆ. ಅಕ್ಕನನ್ನು ಮುಟ್ಟಬೇಕಾದರೆ ಬಾಗಿಲಿನೊಳಕ್ಕೆ ಎದುರಿನಿಂದಲೇ ನುಗ್ಗಬೇಕು. ಅವಳು ನುಗ್ಗಿದಳು.

"ಅಯ್ಯಯ್ಯೋ, ಎದುರಿಗೆ ಬರ್ತಾವಳೆ!" ಎಂದು ಯಾರೋ ಕಿರುಚಿದರು. ಬಾಗಿಲಲ್ಲಿದ್ದ ಜನ ಗಕ್ಕನೆ ನಿಂತರು. ಬೀದಿಯಲ್ಲಿ ತಮ್ಮ ಕಡೆ ಬರುತ್ತಿರುವ ಮುಖವನ್ನು ಅವರು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಕಣ್ಣು, ಮೂಗು, ಬೆವರು, ಅಳು, ಎಲ್ಲ ಇದ್ದ ಒಂದು ಮುಖ. ಒಬ್ಬ ಮುದುಕಿ ಕೈ ಚಾಚಿ ಅವಳ ಕೆನ್ನೆ ಮುಟ್ಟಿ, "ನೀನು ಯಾರ ಮಗಳವ್ವಾ?" ಅಂದಳು. ಜನ ತಾವಾಗಿ ಎರಡು ಪಾಲಾಗಿ ದಾರಿ ಬಿಟ್ಟರು. ಯಾರನ್ನೂ ಯಾರೂ ತುಳಿಯಲಿಲ್ಲ. ತಂಗಿ ಅಕ್ಕನ ತೋಳಿಗೆ ಹೆಗಲು ಕೊಟ್ಟು ಎಬ್ಬಿಸಿ, ನಡೆಸಿಕೊಂಡು ಆಚೆಗೆ ಬಂದಳು. ಒಂದು ಗಳಿಗೆ ಆ ಊರು ಊರಿನ ಹಾಗೇ ಇತ್ತು. ಆಮೇಲೆ ಒಬ್ಬ ತನ್ನ ಅಂಗವಸ್ತ್ರಕ್ಕೆ ಎಣ್ಣೆ ತಾಗಿತೆಂದು ಗೊಣಗಿದ, ಇನ್ನೊಬ್ಬ ಹೌದೆಂದ, ಎಲ್ಲರೂ ಮತ್ತೆ ಮುಂದೆ ನೋಡಿಕೊಂಡು ನಡೆದರು.

ಮೇಲೆ ರಾಗಿ ಅರ್ಧಕ್ಕೇ ನಿಂತುಹೋಗಿತ್ತು. ಅದರಿಂದಲೇ ಪಂಡಿತರಿಗೆ ಏನೋ ನಡೆದಿದೆ ಎಂದು ಗೊತ್ತಾದದ್ದು. ಮೂರು ದಿನ ಬಾಗಿಲು ಹಾಕಿಕೊಂಡು ಕೂತರು. ಊರೆಲ್ಲ ಅಕ್ಕತಂಗಿಯರನ್ನು ಬಯಲಿಗೆ ಹಾಕುತ್ತಾರೆಂದೇ ಕಾಯಿತು, ನೋಡಲು ಒಳ್ಳೆಯ ಜಾಗ ಹಿಡಿದುಕೊಂಡು ಕಾಯಿತು. ನಾಲ್ಕನೇ ದಿನ ಹಿರಿಯ ಪಂಡಿತ ಹೊರಗೆ ಬಂದು ಹೇಳಿದ:

"ಶಾಸ್ತ್ರ ಬೆಳೆದಿದೆ. ಊರಿಗೊಬ್ಬರು ತಿರುಗುತ್ತಾರೆ. ಇದು ಮನುಷ್ಯರ ನಡತೆ. ಇನ್ನು ಮೇಲೆ ಪ್ರತಿ ಹರಿವಿನ ದಿನ ಮೂರನೇ ಚಪ್ಪಡಿಯ ಮೇಲೆ ಅಕ್ಕ ಬೀಳತಕ್ಕದ್ದು, ತಂಗಿ ತಿರುಗತಕ್ಕದ್ದು."

ಊರು ತಲೆದೂಗಿತು.

ಅಂದಿನಿಂದ ಅವಳು ಸುರಿಯುವವಳಲ್ಲ, ತಿರುಗುವವಳು. ಸುರಿಯಲು ಬೇರೊಬ್ಬಳು ಬಂದಳು. ಮಂಟಪದಲ್ಲಿ ಒಂದು ಅವರೆಕಾಳಿಗೆ ತೂತು ಕೊರೆದು ದಾರ ಪೋಣಿಸಿದರು. ರಾಗಿಯ ಜೊತೆ ಅದನ್ನೂ ಬಿಟ್ಟು, ಲಾಳಿಕೆಯಿಂದ ಇಳಿದ ಮೇಲೆ ದಾರ ಹಿಡಿದು ಎಳೆದರೆ ಅವರೆಕಾಳು ಹಿಂದಕ್ಕೆ ಬರುತ್ತಿತ್ತು. ಅಕ್ಕನ ಬದಲು ಒಂದು ಅಕ್ಕಿ ನುಚ್ಚು ಇಟ್ಟರು. ಪಂಡಿತರು ಅದನ್ನು ಎಳೆದು ಎಳೆದು ನೋಡಿ, "ಆಹಾ, ಎಂಥ ಅಂತಃಕರಣ!" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಕೆಳಗೂ ಹಾಗೇ ನಡೆಯುತ್ತಿತ್ತು. ಚಪ್ಪಡಿಯ ಮೇಲೆ ಚಾಪೆ ಹಾಸುತ್ತಿದ್ದರು, ಅಕ್ಕ ಅದರ ಮೇಲೆ ಬೀಳುತ್ತಿದ್ದಳು. ತಂಗಿ ಜನರ ಜೊತೆ ಬಾಗಿಲು ದಾಟಿ ಮೂವತ್ತು ಹೆಜ್ಜೆ ನಡೆಯುತ್ತಿದ್ದಳು. ತಮಟೆ ಒಂದು ಸಲ, ಎರಡು ಸಲ, ಮೂರು ಸಲ. ಮೂರನೇ ಸಲಕ್ಕೆ ಅವಳು ತಿರುಗಬೇಕು, ಮೂರನೇ ಸಲಕ್ಕೆ ಜನ ಅಳಬೇಕು. ಜನ ಎಷ್ಟು ಚೆನ್ನಾಗಿ ಅಳುತ್ತಿದ್ದರೆಂದರೆ, ಅಳು ಬರುವ ಮೊದಲೇ ಕರವಸ್ತ್ರ ಬಿಚ್ಚಿರುತ್ತಿದ್ದರು. ಕೆಲವರು ನಿನಗಿಂತ ನಾನು ಜೋರಾಗಿ ಅತ್ತೆ ಎಂದು ಜಗಳಕ್ಕೂ ನಿಂತರು.

"ಬೀಳೋದೇನು ನಂಗೆ ಹೊಸದಲ್ಲ," ಎಂದು ಅಕ್ಕ ಚಾಪೆಯ ಮೇಲೆ ಮಲಗಿ ಆಕಳಿಸುತ್ತಿದ್ದಳು. "ಆದ್ರೆ ಪ್ರತಿ ಸಲಾನೂ ನೀನು ಅಷ್ಟು ಗಾಬರಿಯಾಗಿ ಬರ್ತೀಯಲ್ಲ, ಯಾಕೇ?"

"ಗಾಬರಿ ಆಗುತ್ತೆ ಅಕ್ಕಾ. ನೀನು ಬಿದ್ದಿರೋದು ಕಂಡ್ರೆ ಆಗುತ್ತೆ."

ಅದು ಸುಳ್ಳಲ್ಲ. ಹನ್ನೊಂದು ವರ್ಷ ತಿರುಗಿದರೂ ಅವಳಿಗೆ ಅದು ಆಟವಾಗಲಿಲ್ಲ. ಅಕ್ಕ ಗುಡ್ಡದಾಚೆಗೆ ಹೋಗಲಿಲ್ಲ, ತನ್ನ ಕಣ್ಣೆದುರಿಗಿದ್ದಾಳೆ, ಅದಕ್ಕಾಗಿ ಈ ಹುಚ್ಚರ ಮುಂದೆ ವರ್ಷಕ್ಕೊಮ್ಮೆ ಕುಣಿದರೆ ಕುಣಿಯೋಣ ಎಂದುಕೊಂಡಿದ್ದಳು.

ಹನ್ನೆರಡನೇ ವರ್ಷ ಬೇಸಿಗೆಯಲ್ಲಿ ಅಕ್ಕನಿಗೆ ಜ್ವರ ಬಂತು. ನಾಲ್ಕು ದಿನ ಮಲಗಿದಳು, ಐದನೇ ದಿನ ಮಧ್ಯಾಹ್ನ ನೀರು ಕೇಳಿದಳು, ನೀರು ತರುವಷ್ಟರಲ್ಲಿ ಹೋಗಿಬಿಟ್ಟಳು. ತಂಗಿಗೆ ಅಳು ಬರಲಿಲ್ಲ. ಬಂದಿದ್ದರೂ ಅಳುತ್ತಿರಲಿಲ್ಲವೇನೋ, ಅಕ್ಕನ ಹೆಸರಿನಲ್ಲಿ ಆ ಊರು ವರ್ಷವರ್ಷವೂ ಸುರಿಸಿದ ಕಣ್ಣೀರನ್ನು ನೋಡಿ ನೋಡಿ ಅವಳಿಗೆ ಕಣ್ಣೀರೆಂದರೇ ಹೇಸಿಗೆಯಾಗಿತ್ತು.

ತಿಥಿ ಮುಗಿದ ಮಾರನೇ ದಿನ ಹಿತ್ತಿಲ ಬಾಗಿಲಿನಿಂದ ಎರಡನೇ ಪಂಡಿತ ಬಂದ. ಕೈಯಲ್ಲಿ ಓಲೆ, ಕಿವಿಯ ಮೇಲೆ ಓಲೆ ಕೊರೆಯುವ ಕಂಟ.

"ನಿಮ್ಮಕ್ಕ ತೂಕ ಎಷ್ಟಿದ್ದಳಮ್ಮ?"

"ಯಾಕೆ ಬುದ್ಧಿ?"

"ಗೋಣಿಚೀಲಕ್ಕೆ ಅಷ್ಟೇ ತೂಕದ ಮರಳು ತುಂಬಿಸಬೇಕು. ಹರಿವಿನ ದಿನ ಹತ್ತಿರ ಬಂತಲ್ಲ. ಅವಳ ಸೀರೆ ಒಂದು ಕೊಡು, ಉಡಿಸೋಣ."

ಅವಳು ಅವನನ್ನೇ ನೋಡಿದಳು. "ಅಕ್ಕ ಸತ್ತೋಗಿದಾಳೆ ಬುದ್ಧಿ. ಇನ್ನು ಯಾಕೆ ತಿರುಗ್ಬೇಕು ನಾನು?"

"ನೀನು ಅಕ್ಕನಿಗಾಗಿ ತಿರುಗ್ತಿದ್ದೆ ಅಂದುಕೊಂಡೆಯಾ?" ಪಂಡಿತನಿಗೆ ನಿಜವಾಗಿ ಅಚ್ಚರಿಯಾಗಿತ್ತು. "ಊರಿಗೊಬ್ಬರು ತಿರುಗ್ತಾರೆ. ಆ ಒಬ್ಬಳು ನೀನು, ಅಷ್ಟೇ. ಬಿದ್ದದ್ದು ಅಕ್ಕನೋ ಚೀಲವೋ, ಶಾಸ್ತ್ರಕ್ಕೆ ವ್ಯತ್ಯಾಸ ಇಲ್ಲ."

ಹೊಡೆಯಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ. ಹೊಡೆದರೆ ಅದಕ್ಕೂ ಒಂದು ಕಾಳು ಹುಡುಕಿ ದಾರ ಕಟ್ಟುತ್ತಾರೆ ಎನ್ನಿಸಿ ಕೈ ತಡೆದಳು. ಒಳಗೆ ಹೋಗಿ ತನ್ನದೇ ಒಂದು ಸೀರೆ ತಂದುಕೊಟ್ಟಳು. ಅಕ್ಕನ ಸೀರೆಗಳನ್ನು ಮುಟ್ಟಲಿಲ್ಲ.

ಹರಿವಿನ ದಿನ ಬಂತು. ಊರು ಹೆಗಲಿಗೆ ಎಣ್ಣೆ ಹಚ್ಚಿಕೊಂಡು ಮಿಂಚುತ್ತ ನಿಂತಿತು. ಮೂರನೇ ಚಪ್ಪಡಿಯ ಮೇಲೆ ಚಾಪೆ, ಚಾಪೆಯ ಮೇಲೆ ಸೀರೆ ಉಟ್ಟ ಗೋಣಿಚೀಲ. ತಮಟೆ ಶುರುವಾಯಿತು. ಮೇಲೆ ಮೂವರು ಪಂಡಿತರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು, ಹೊಸ ಹೆಂಗಸು ಸಲೀಸಾಗಿ ಸುರಿಯುತ್ತಿದ್ದಳು.

ತಿರುಗುವವಳು ಜನರ ಜೊತೆ ಬಾಗಿಲು ದಾಟಿದಳು. ಮೂವತ್ತು ಹೆಜ್ಜೆ ನಡೆದಳು. ಬಾಗಿಲ ಹೊರಗೆ ನಿಂತಿದ್ದ ತಮಟೆಯವನು ಒಂದು ಸಲ ಬಡಿದ, ಎರಡು ಸಲ ಬಡಿದ, ಮೂರು ಸಲ ಬಡಿದ. ಮೇಲೆ ದಾರ ಎಳೆದರು, ಅವರೆಕಾಳು ಹಿಂದಕ್ಕೆ ಬಂತು, ತಂಗಿ ತಿರುಗಿದಳು ಎಂದು ಹಿರಿಯ ಪಂಡಿತ ಓಲೆಯಲ್ಲಿ ಬರೆದ. ಕೆಳಗೆ ಜನ ಗೊಳೋ ಎಂದು ಅತ್ತರು. ಮುಂದಿದ್ದವರು ತಿರುಗಿ ನೋಡುವಂತಿರಲಿಲ್ಲ. ಹಿಂದಿದ್ದವರಿಗೆ ಕಂಡದ್ದು ಬೆನ್ನುಗಳ ನಡುವೆ ಇನ್ನೊಂದು ಬೆನ್ನು. ಗೋಣಿಚೀಲವನ್ನು ಸುತ್ತಿ ಬರುತ್ತಿದ್ದವರು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದರು.

ತಮಟೆಯವನಿಗೆ ಮಾತ್ರ ಕಂಡಿತು. ಅವನು ಅವಳ ಪಕ್ಕಕ್ಕೆ ಓಡಿ ಬಂದು ತಗ್ಗಿದ ದನಿಯಲ್ಲಿ ಹೇಳಿದ, "ಅಮ್ಮಾ, ತಿರುಗಮ್ಮಾ. ಮೂರನೇದು ಬಡಿದಾಯ್ತು."

"ಯಾರಿಗೋಸ್ಕರ ತಿರುಗ್ಲಪ್ಪಾ?"

"ಹಂಗಂದ್ರೆ ಹೆಂಗಮ್ಮಾ? ಅಲ್ಲಿ ನಿಮ್ಮಕ್ಕ..." ಅವನು ಚಾಪೆಯ ಕಡೆ ಕಣ್ಣು ಹಾಯಿಸಿದ.

"ನೀನು ಬಡೀತಾ ಇರು. ಅಳೋರು ಅಳ್ತಾವ್ರೆ, ಬರೆಯೋರು ಬರೀತಾವ್ರೆ. ನಾನು ಬೇಕಾಗಿಲ್ಲ ಅಲ್ಲಿ."

ಊರಿನ ಜನ ಕೋಟೆಯ ಗೋಡೆಗುಂಟ ಎಡಕ್ಕೆ ಹೊರಳಿ, ಸುತ್ತು ಮುಗಿಸಿ ಮನೆ ಸೇರಲು ನಡೆದರು. ಅವಳು ಎಡಕ್ಕೆ ಹೊರಳಲಿಲ್ಲ. ಎದುರಿಗಿದ್ದ ದಾರಿಯಲ್ಲಿ ನೇರ ಹೋದಳು. ಯಾರೂ ತಡೆಯಲಿಲ್ಲ, ಯಾಕೆಂದರೆ ಅವಳು ಹೋದದ್ದು ಮುಂದಕ್ಕೇ. ಆ ಊರಿನ ಓಲೆಗಳಲ್ಲಿ ಅವಳು ಈಗಲೂ ಪ್ರತಿವರ್ಷ ತಪ್ಪದೆ ತಿರುಗುತ್ತಾಳೆ.

ತಮಟೆ ಕೇಳಿಸದಷ್ಟು ದೂರ ನಡೆದ ಮೇಲೆ ಅವಳು ನಿಂತಳು. ಸುತ್ತ ಕುರುಚಲು ಗಿಡ, ಬಿಸಿಲು, ನರಪಿಳ್ಳೆಯೂ ಇರಲಿಲ್ಲ. ಆಗ ಅವಳು ತಿರುಗಿದಳು. ಬಂದ ದಾರಿಯನ್ನು ಉದ್ದಕ್ಕೂ ನೋಡಿದಳು, ಯಾರಾದರೂ ಕುಂಟುತ್ತಾ ಹಿಂದೆ ಬರುತ್ತಿರಬಹುದೇನೋ ಎನ್ನುವ ಹಾಗೆ. ಯಾರೂ ಬರುತ್ತಿರಲಿಲ್ಲ. "ಅಕ್ಕಾ," ಎಂದು ಕೂಗಿದಳು. ಇನ್ನೊಂದು ಸಲ ಕೂಗಿ, ನೆಲದ ಮೇಲೆ ಕೂತು ಅತ್ತಳು.